ಕೂತು ನೋಡದೆ ಇಳಿಸಿದ ಚಾವಣಿ

ನನ್ನಕ್ಕ ಒಲೀಟಾ ಒಂದು ಕಡೆ ಕೂತು ಊಟ ಮಾಡಿದ್ದನ್ನು ನಾನು ಕಂಡವಳೇ ಅಲ್ಲ. ತಟ್ಟೆಯನ್ನು ಕೈಯಲ್ಲಿ ಹಿಡಿದು ಒಲೆಯ ಹತ್ತಿರ ಒಂದು ತುತ್ತು, ಕಿಟಕಿಯ ಹತ್ತಿರ ಒಂದು ತುತ್ತು, ಹಿತ್ತಲ ಬಾಗಿಲಲ್ಲಿ ನಿಂತು ಇನ್ನೊಂದು. ನಾನು ಕಷ್ಟಪಟ್ಟು ಬೇಯಿಸಿದ ಬೀನ್ಸ್ ಕಾಳು, ಮೆಕ್ಕೆಜೋಳದ ಬ್ರೆಡ್ಡು ಎಲ್ಲವೂ ಅವಳ ಜೊತೆ ಮನೆಯಿಡೀ ತಿರುಗುತ್ತಿದ್ದವು.

"ಕೂತ್ಕೊಂಡು ತಿನ್ನೇ, ಯಾರೂ ಕಿತ್ಕೊಂಡು ಹೋಗಲ್ಲ" ಅಂದರೆ, "ಕೂತ್ರೆ ಕಾಲು ಬೈಯುತ್ತೆ ನೇವಾ" ಅನ್ನುತ್ತಿದ್ದಳು.

ನಾವು ಒಕ್ಲಹೋಮಾದಿಂದ ಬರಗಾಲದ ಧೂಳು ಕುಡಿದು ಕ್ಯಾಲಿಫೋರ್ನಿಯಾಕ್ಕೆ ಬಂದವರು. ಯುದ್ಧದ ಕಾಲದಲ್ಲಿ ಅಕ್ಕ ರಿಚ್ಮಂಡಿನ ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಕಲಿತಳು. ಯುದ್ಧ ಮುಗಿಯಿತು, ಗಂಡಸರು ವಾಪಸಾದರು, ಹೆಂಗಸರ ಕೈಯಿಂದ ವೆಲ್ಡಿಂಗ್ ಟಾರ್ಚು ಕಿತ್ತುಕೊಂಡು ಮನೆಗೆ ಕಳಿಸಿದರು. ಅವಳಿಗೆ ಹೋಗಲು ಮನೆಯೇ ಇರಲಿಲ್ಲ. ಅಲ್ಲೊಂದು ವರ್ಷ, ಇಲ್ಲೊಂದು ವರ್ಷ ಅಲೆದು ಕೊನೆಗೆ ಆಯಿಲ್‌ಡೇಲಿನಲ್ಲಿ ನಮ್ಮ ಮನೆಗೆ ಬಂದಳು. ಆಲೂಗಡ್ಡೆ ಆರಿಸುವ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ತಂದ ಸೂಟ್‌ಕೇಸನ್ನು ಮಾತ್ರ ಬಿಚ್ಚಲಿಲ್ಲ. ಬೇಕಾದ ಬಟ್ಟೆ ತೆಗೆದುಕೊಂಡು, ಮತ್ತೆ ಮುಚ್ಚಿ ಮಂಚದ ಕೆಳಗೆ ತಳ್ಳುತ್ತಿದ್ದಳು. ಆ ಸೂಟ್‌ಕೇಸು ಕಂಡರೆ ನನಗೆ ಆಗುತ್ತಿರಲಿಲ್ಲ.

ಅವಳನ್ನು ಊರಲ್ಲಿ ಹಿಡಿದು ನಿಲ್ಲಿಸಿದ್ದು ನಾನಲ್ಲ, ನನ್ನ ಗಂಡ ರಾಯ್ಸನ ಕ್ಲಬ್ಬು. ಹಳೆಯ ಫೋರ್ಡ್ ಕಾರುಗಳ ಮೈ ಕತ್ತರಿಸಿ, ಮಡ್‌ಗಾರ್ಡ್ ಕಿತ್ತುಹಾಕಿ, ಎಂಜಿನ್ನಿಗೆ ಇಲ್ಲದ ಸೊಕ್ಕು ತುಂಬಿ ಓಡಿಸುವ ಹತ್ತು ಮಂದಿ ಗಂಡಸರು. ಚಳಿಗಾಲದಲ್ಲಿ ನಮ್ಮ ಕಣಿವೆಗೆ ಇಳಿಯುವ ಮಂಜಿನ ಹೆಸರಲ್ಲಿ ತಮ್ಮನ್ನು ಫಾಗ್‌ರನ್ನರ್ಸ್ ಎಂದು ಕರೆದುಕೊಂಡಿದ್ದರು. ಹಾರ್ಲನ್ ವಾಸ್ ಅಧ್ಯಕ್ಷ. ಅವನ ಗ್ಯಾರೇಜೇ ಅವರ ಚರ್ಚು. ಒಂದು ದಿನ ರಾಯ್ಸ್ ಬೆಸೆದ ಪಟ್ಟಿ ಮುರಿದುಬಿತ್ತು. ಒಲೀಟಾ ಅದನ್ನು ಮತ್ತೆ ಬೆಸೆದುಕೊಟ್ಟಳು. ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಮುರಿದದ್ದನ್ನು ಹೊತ್ತುಕೊಂಡು ಬರತೊಡಗಿದರು. ಸಾಯಂಕಾಲ ಶೆಡ್ಡಿನಿಂದ ನೇರವಾಗಿ ಗ್ಯಾರೇಜಿಗೆ ಹೋಗುವುದು ಅವಳಿಗೆ ರೂಢಿಯಾಯಿತು.

ಬೆಸೆಯಲು ಅವಳು ಬೇಕು, ಸದಸ್ಯಳಾಗಲು ಬೇಡ. ಪ್ರತಿ ಸದಸ್ಯನ ಕಾರಿನ ಹಿಂದೆಯೂ ಎರಡು ಸರಪಳಿಯಲ್ಲಿ ಕ್ಲಬ್ಬಿನ ಹೆಸರಿದ್ದ ಅಲ್ಯೂಮಿನಿಯಮ್ಮಿನ ಒಂದು ಫಲಕ ನೇತಾಡುತ್ತಿತ್ತು. ರಸ್ತೆಯಲ್ಲಿ ಪಂದ್ಯ ಕಟ್ಟಿ ಪೊಲೀಸರ ಕೈಗೆ ಸಿಕ್ಕಿಬಿದ್ದರೆ ಹಾರ್ಲನ್ ಆ ಫಲಕವನ್ನು ಕಿತ್ತುಕೊಳ್ಳುತ್ತಿದ್ದ. ರಾಯ್ಸನ ಫಲಕ ಹಾಗೆ ಒಂದು ತಿಂಗಳ ಮಟ್ಟಿಗೆ ಹೋದಾಗ ನಮ್ಮ ಮನೆಯಲ್ಲಿ ಸೂತಕ. ಒಲೀಟಾ ಒಮ್ಮೆ ತನಗೂ ಒಂದು ಕೊಡಿ ಎಂದು ಕೇಳಿದ್ದಳು.

"ಹೆಂಗಸ್ರು ಸ್ಯಾಂಡ್‌ವಿಚ್ ತರ್ತಾರೆ ಕಣೇ, ಫಲಕ ತಗಳಲ್ಲ" ಎಂದು ಹಾರ್ಲನ್ ನಕ್ಕಿದ್ದ. ಸ್ಯಾಂಡ್‌ವಿಚ್ ತರುತ್ತಿದ್ದವಳು ನಾನು. ಅವತ್ತು ಅವನದರಲ್ಲಿ ಸಾಸಿವೆಯನ್ನು ಎರಡರಷ್ಟು ಬಳಿದೆ.

ಐವತ್ತನೆಯ ಇಸವಿಯಲ್ಲಿ ಕ್ಲಬ್ಬಿನವರೆಲ್ಲ ಸೇರಿ ಮೂವತ್ತನಾಲ್ಕರ ಮಾಡೆಲಿನ ಒಂದು ಕೂಪೆ, ಅಂದರೆ ಎರಡೇ ಬಾಗಿಲಿನ ಕಾರು, ಕಟ್ಟಲು ಹೊರಟರು. ಎಲ್ ಮಿರಾಜಿನ ಒಣಗಿದ ಕೆರೆಯಂಗಳದಲ್ಲಿ ತಿಂಗಳಿಗೊಮ್ಮೆ ವೇಗದ ಸ್ಪರ್ಧೆ ನಡೆಯುತ್ತಿತ್ತು. ಕಾರಿಗೆ ಹೊರಗಿನವರ ಕೂಲಿ ಕೆಲಸ ತಾಗಕೂಡದು, ಎಲ್ಲವೂ ಕ್ಲಬ್ಬಿನ ಕೈಯಲ್ಲೇ ಆಗಬೇಕು ಎಂಬುದು ಅವರ ಪ್ರತಿಷ್ಠೆ. ಒಲೀಟಾಳ ಕೈ ಒಳಗಿನದೋ ಹೊರಗಿನದೋ ಎಂದು ಯಾರೂ ಯೋಚಿಸಲಿಲ್ಲ. ಓಡಿಸುವವನು ಡಬ್ ಸ್ಟೆಗಾಲ್, ಕುತ್ತಿಗೆಯೇ ನನ್ನ ತೊಡೆಯಷ್ಟು ದಪ್ಪ. ಚಾವಣಿಗೆ ಕೈ ಹಾಕುವ ಮೊದಲೇ ಅವನು ಕಾರನ್ನು ಓಡಿಸಿ ನೋಡಿ, "ಬೆಣ್ಣೆ ಕಣ್ರೋ" ಎಂದಿದ್ದ.

ಉಳಿದದ್ದು ಚಾವಣಿಯೊಂದೇ. ಚಾವಣಿಯ ನಾಲ್ಕು ಕಂಬಗಳನ್ನು ಕತ್ತರಿಸಿ, ನಡುವಿನ ತುಂಡು ತೆಗೆದು, ಚಾವಣಿಯನ್ನು ಕೆಳಗಿಳಿಸಿ ಮತ್ತೆ ಬೆಸೆಯುವುದು. ಕಾರು ತಗ್ಗಾದಷ್ಟೂ ಗಾಳಿ ಕಡಿಮೆ ತಡೆಯುತ್ತದೆ. ಅದಕ್ಕಿಂತ ಮುಖ್ಯ, ನೋಡುವವರ ಹೊಟ್ಟೆ ಉರಿಯುತ್ತದೆ. ಟ್ಯಾಫ್ಟ್ ಊರಿನ ಕ್ಲಬ್ಬಿನವರು ನಾಲ್ಕು ಅಂಗುಲ ಇಳಿಸಿದ್ದರು.

ಭಾನುವಾರ ಮಧ್ಯಾಹ್ನ ನಾನು ಸ್ಯಾಂಡ್‌ವಿಚ್ ತೆಗೆದುಕೊಂಡು ಹೋದಾಗ ಅಷ್ಟೂ ಗಂಡಸರು ಗ್ಯಾರೇಜಿನ ಗೋಡೆಗೆ ಒರಗಿ, ಕಣ್ಣು ಕಿರಿದು ಮಾಡಿ ಕಾರನ್ನೇ ನೋಡುತ್ತಿದ್ದರು.

"ಇನ್ನೂ ಸ್ವಲ್ಪ ಇಳೀಬೇಕು."

"ಟ್ಯಾಫ್ಟ್‌ನೋರು ನೋಡಿ ಸಾಯ್ಬೇಕು."

"ಯಾರಾದ್ರೂ ಒಳಗೆ ಕೂರ್ರಪ್ಪ" ಎಂದಳು ಒಲೀಟಾ. "ತಲೆ ಎಲ್ಲಿಗೆ ಬರತ್ತೆ ಅಂತ ನೋಡಿ ಗೆರೆ ಹಾಕ್ಬೇಕು."

ಯಾರೂ ಗೋಡೆ ಬಿಡಲಿಲ್ಲ. "ನಾನು ಒಳಗೆ ಕೂತ್ರೆ ಹೊರಗಿಂದ ಹೆಂಗೆ ಕಾಣತ್ತೆ ಅಂತ ನಂಗೆ ಹೆಂಗೆ ಗೊತ್ತಾಗತ್ತೆ?" ಎಂದ ಡಬ್. ಎಲ್ಲರಿಗೂ ಅದು ನ್ಯಾಯವಾದ ಮಾತಾಗಿಯೇ ಕಂಡಿತು.

ಒಲೀಟಾ ಎತ್ತರದಲ್ಲಿ ಡಬ್ಬನ ಭುಜಕ್ಕೂ ಬರುತ್ತಿರಲಿಲ್ಲ. ಬಾಗಿಲು ತೆಗೆದು ತಾನೇ ಕೂತಳು. ಹಳೆಯ ಬಾಂಬರ್ ವಿಮಾನದ ಸೀಟು, ನೆಲಕ್ಕೆ ಬಿಗಿದದ್ದು. ಅದರ ಕೆಳಗೇ ಚಕ್ರಕ್ಕೆ ಹೋಗುವ ದಂಡ ಇದ್ದುದರಿಂದ ಸೀಟನ್ನು ಇನ್ನು ಇಳಿಸುವಂತಿರಲಿಲ್ಲ. ಕ್ಲಬ್ಬಿನ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡಳು. ಒಂದು ಹಲಗೆಯನ್ನು ಕಿಟಕಿಯಿಂದ ಕಿಟಕಿಗೆ ಅದರ ಮೇಲೆ ಅಡ್ಡ ಹಿಡಿದು, "ಹಾಕು ಗೆರೆ" ಎಂದಳು. ಹಾರ್ಲನ್ನೇ ಸೀಮೆಸುಣ್ಣ ಹಿಡಿದು ಗೆರೆ ಎಳೆದ. ಅವನ ಕಣ್ಣು ಗೆರೆಯ ಮೇಲಿತ್ತು, ಹೆಲ್ಮೆಟ್ಟಿನ ಒಳಗೆ ಯಾರ ತಲೆ ಇದೆ ಎಂಬುದರ ಮೇಲೆ ಇರಲಿಲ್ಲ. ನನ್ನ ಕಣ್ಣು ಇದ್ದದ್ದು ಅವಳ ಕಾಲುಗಳ ಮೇಲೆ. ಅವು ಅಲುಗುತ್ತಿರಲಿಲ್ಲ.

ಸಂಜೆ ಪಾತ್ರೆ ಒರೆಸುವಾಗ ಕೇಳಿದೆ. "ಆ ಡಬ್ಬನ ತಲೆ ಅದ್ರೊಳಗೆ ಹಿಡಿಸತ್ತೇನೇ?"

"ನನ್ನನ್ನ ಯಾರೂ ಕೇಳಿಲ್ಲ."

"ನಾನು ಕೇಳ್ತಿದೀನಲ್ಲ!"

ಅವಳು ಅಡುಗೆಮನೆಯನ್ನು ಎರಡು ಸುತ್ತು ಹಾಕಿದಳು. "ಒಂದ್ಸಲ ನೇವಾ. ಎದುರಿಗೆ ಸಿಗ್ನಲ್ಲು, ಬೇಲಿ, ಫೋರ್‌ಮನ್ನು, ಏನೂ ಇಲ್ಲದ ಕಡೆ, ಕಾಲು ಪೂರ್ತಿ ಒತ್ಬೇಕು. ಬೇರೇನೂ ಬೇಡ ನಂಗೆ."

"ಗೊತ್ತಾದ್ರೆ ಗ್ಯಾರೇಜಿಂದ ಓಡಿಸ್ತಾರೆ."

"ಓಡಿಸಿದ್ರೆ ಹೋಗ್ತೀನಿ. ಹೋಗೋದು ನಂಗೆ ಹೊಸದಾ?"

ನನಗೆ ಸಿಟ್ಟು ಬಂತು, ಅಳುವೂ ಬಂತು. ಅವಳು ಹೋಗುವುದು ಗ್ಯಾರೇಜಿನಿಂದ ಮಾತ್ರವಲ್ಲ ಎಂದು ನನಗೆ ಗೊತ್ತಿತ್ತು. ರಾಯ್ಸನಿಗೆ ಹೇಳಿಬಿಡಲೇ ಎಂದು ವಾರವಿಡೀ ಒದ್ದಾಡಿದೆ. ಹೇಳಲಿಲ್ಲ. ಅವಳು ಕತ್ತರಿಸಿದಳು, ಇಳಿಸಿದಳು, ಬೆಸೆದಳು. ಕೆರೆಗೆ ಹೊರಟ ದಿನ ಟ್ರಕ್ಕಿಗೆ ಹಗ್ಗ ಕಟ್ಟಿ ಕಾರನ್ನು ಎಳೆದುಕೊಂಡು ಹೋಗುವಾಗ ಅದರೊಳಗೆ ಕೂತು ಸ್ಟೀರಿಂಗ್ ಹಿಡಿದವಳೂ ಅವಳೇ. ಎಲ್ಲರೂ ನೋಡಿದರು, "ಎಷ್ಟು ತಗ್ಗಾಗಿದೆ ನೋಡು!" ಎಂದು ಬೀಗಿದರು.

ಎಲ್ ಮಿರಾಜಿನಲ್ಲಿ ಬಿರುಕು ಬಿಟ್ಟ ನೆಲ, ಬಿಳಿ ಬಿಸಿಲು, ಸಾಲುಗಟ್ಟಿ ನಿಂತ ಕಾರುಗಳು. ನಮ್ಮ ಸರದಿ ಬಂತು. ಡಬ್ ಹೆಲ್ಮೆಟ್ ಹಾಕಿಕೊಂಡು ಒಳಗೆ ತೂರಿದ. ಭುಜದವರೆಗೆ ಹೋದ, ಅಲ್ಲಿಗೆ ನಿಂತ. ಹೆಲ್ಮೆಟ್ ತೆಗೆದು ನೋಡಿದ. ಕುತ್ತಿಗೆಯನ್ನು ಪಕ್ಕಕ್ಕೆ ಹೊರಳಿಸಿ, ಗಲ್ಲವನ್ನು ಎದೆಗೆ ಒತ್ತಿಕೊಂಡು ಅಂತೂ ಕೂತ.

ತಪಾಸಣೆಯವನು ಬಗ್ಗಿ ಇಣುಕಿದ. "ಏನಪ್ಪಾ, ಕಿವಿಯಲ್ಲಿ ನೋಡ್ಕೊಂಡು ಓಡಿಸ್ತೀಯಾ?"

ಟ್ಯಾಫ್ಟಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾರ್ಲನ್ನಿಗೆ ಆರಡಿ ದಾಟಿದ ಎತ್ತರ, ಅವನು ಪ್ರಯತ್ನವನ್ನೂ ಮಾಡಲಿಲ್ಲ. ನನ್ನ ರಾಯ್ಸ್ ಕುಳ್ಳ. ಅವನ ತಲೆ ಹಿಡಿಸಿತು, ಹೊಟ್ಟೆ ಸ್ಟೀರಿಂಗಿಗೆ ಸಿಕ್ಕಿಕೊಂಡಿತು. ಇಬ್ಬರು ಸೇರಿ ಅವನನ್ನು ಹೊರಗೆ ಎಳೆಯಬೇಕಾಯಿತು. ಅಷ್ಟು ಹೊತ್ತೂ ಒಲೀಟಾ ಕಾರಿನ ಸುತ್ತ ಸುತ್ತುತ್ತಲೇ ಇದ್ದಳು.

ಹಾರ್ಲನ್ ಅವಳನ್ನು ನೋಡಿದ. ಚಾವಣಿಯನ್ನು ನೋಡಿದ. ಮತ್ತೆ ಅವಳನ್ನು ನೋಡಿದ. ಅವನ ಕಿವಿ ಕೆಂಪಾಯಿತು.

"ನಿನ್ನ ಅಳತೆಗೆ ಕತ್ತರಿಸಿದ್ಯಾ?"

"ಗೆರೆ ಹಾಕಿದ್ದು ನೀನು ಹಾರ್ಲನ್. ಕೂರ್ರಪ್ಪ ಅಂತ ಎಲ್ರಿಗೂ ಹೇಳ್ದೆ."

ಅವನು ಟ್ಯಾಫ್ಟಿನವರ ಕಡೆ ತಿರುಗಿ ನೋಡಿದ. ಓಡಿಸದೆ ಎಳೆದುಕೊಂಡು ವಾಪಸು ಹೋಗುವುದೆಂದರೆ ವರ್ಷವಿಡೀ ಟ್ಯಾಫ್ಟಿನವರ ಬಾಯಿಗೆ ಬೀಳುವುದು. ಆದರೆ ಕ್ಲಬ್ಬಿನ ಸದಸ್ಯರಲ್ಲದವರು ಓಡಿಸುವಂತಿಲ್ಲ ಎಂದು ಸ್ಪರ್ಧೆಯ ನಿಯಮ.

ಫಾಗ್‌ರನ್ನರ್ಸ್ ಮತ ಹಾಕುತ್ತಿದ್ದುದು ಚಕ್ರದ ಮುಚ್ಚಳದಲ್ಲಿ. ಮೇಲೊಂದು ಬಟ್ಟೆ ಹೊದಿಸಿ ಕೈಯಿಂದ ಕೈಗೆ ದಾಟಿಸುತ್ತಾರೆ. ಒಳಗೆ ನಟ್ ಹಾಕಿದರೆ ಹೌದು, ಬೋಲ್ಟ್ ಹಾಕಿದರೆ ಬೇಡ. ಅಲ್ಲೇ ಬಿಸಿಲಲ್ಲಿ ಮುಚ್ಚಳ ಸುತ್ತು ಹೊಡೆಯಿತು. ನನ್ನ ಗಂಡನ ಸರದಿ ಬಂದಾಗ ನಾನು ಅವನನ್ನೇ ದುರುಗುಟ್ಟಿ ನೋಡಿದೆ. ಬಟ್ಟೆ ತೆಗೆದಾಗ ನಟ್ಟುಗಳೇ ಹೆಚ್ಚು, ಆದರೆ ಬಹಳ ಹೆಚ್ಚೇನಲ್ಲ.

"ಇವತ್ತಿಗೆ ಮಾತ್ರ" ಎಂದು ಹಾರ್ಲನ್ ತನ್ನದೇ ಕಾರಿನ ಫಲಕ ಬಿಚ್ಚಿ ಅವಳ ಕೈಗೆ ಕೊಟ್ಟ. ಅವಳು ಅದನ್ನು ನನ್ನ ಮಡಿಲಿಗೆ ಹಾಕಿ ಕಾರಿನೊಳಗೆ ಕೂತಳು.

ನನಗೆ ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ. ಕೂಪೆ ಕಿರುಚಿಕೊಂಡು ಹೊರಟಿತು. ಸ್ವಲ್ಪ ಹೊತ್ತಿಗೆ ಧೂಳು ಮಾತ್ರ ಕಂಡಿತು, ಆಮೇಲೆ ಧೂಳೂ ಕಾಣಲಿಲ್ಲ. ಗಂಟೆಗೆ ನೂರ ಇಪ್ಪತ್ತಾರು ಮೈಲಿ ಎಂದು ಕೂಗಿದರು. ಟ್ಯಾಫ್ಟಿನವರು ನಗುವುದನ್ನು ನಿಲ್ಲಿಸಿದರು. ನಮ್ಮವರು ಕುಣಿದರು. ಕುಣಿದು ಮುಗಿದರೂ ಕಾರು ಮಾತ್ರ ವಾಪಸು ಬರಲಿಲ್ಲ.

"ಬ್ರೇಕ್ ಹೋಗಿರ್ಬೇಕು" ಎಂದ ರಾಯ್ಸ್. ನಾನು ಅವನಿಗೆ ಬಾಯಿ ಮುಚ್ಚು ಎಂದೆ. ಅವಳು ಹಾಗೇ ಮುಂದೆ ಹೋಗಿಬಿಟ್ಟಳು, ಇನ್ನು ಬರುವುದಿಲ್ಲ ಎಂದೇ ನನಗೆ ಅನ್ನಿಸಿತ್ತು. ಸೂಟ್‌ಕೇಸನ್ನೂ ಬಿಟ್ಟು ಹೋದಳಲ್ಲ ಎಂದು ಹುಚ್ಚುಚ್ಚಾಗಿ ಯೋಚಿಸುತ್ತಾ ಫಲಕವನ್ನು ಅವುಚಿಕೊಂಡು ನಿಂತಿದ್ದೆ. ಕೊನೆಗೆ ಕೆರೆಯಂಗಳದ ಇನ್ನೊಂದು ದಡದಿಂದ ಕಾರು ನಿಧಾನವಾಗಿ ಬಂತು. ಅವಳು ತೆವಳಿ ಹೊರಗೆ ಬಂದಳು. ಹಲ್ಲಿನ ಮೇಲೆಲ್ಲ ಧೂಳು.

"ಎಲ್ಲೇ ಹಾಳಾಗಿ ಹೋಗಿದ್ದೆ?"

"ಕೆರೆ ಚಿಕ್ಕದು ಕಣೇ" ಎಂದಳು.

ಹಾರ್ಲನ್ ಕೈ ಚಾಚಿದ. "ಇವತ್ತಿಗೆ ಮಾತ್ರ ಅಂದಿದ್ವಿ." ಅವಳು ನನ್ನಿಂದ ಫಲಕ ತೆಗೆದುಕೊಂಡು ಅವನಿಗೆ ಕೊಟ್ಟಳು. ಅವನ ಕೈ ಸೇದಿಹೋಗಲಿ ಎಂದು ನಾನು ಮನಸಾರೆ ಶಪಿಸಿದೆ.

"ಮುಂದಿನ ತಿಂಗಳಿಗೆ ಚಾವಣಿ ಎತ್ತರ ಮಾಡ್ಕೊಡ್ಬೇಕು" ಎಂದ.

"ಅದಕ್ಕೇನಂತೆ, ಪುರುಸೊತ್ತಾದಾಗ ಮಾಡೋಣ" ಎಂದಳು.

ಮೂರು ಹೊತ್ತೂ ಸುಮ್ಮನೆ ತಿರುಗುತ್ತಿದ್ದವಳಿಗೆ ಆಮೇಲೆ ಪುರುಸೊತ್ತೇ ಸಿಗಲಿಲ್ಲ. ಕೇಳಿದಾಗಲೆಲ್ಲ ಆಲೂಗಡ್ಡೆ ಜಾಸ್ತಿ ಬಂದಿದೆ, ಬೆಸೆಯುವ ತಂತಿ ಮುಗಿದಿದೆ, ಕಣ್ಣು ಉರಿಯುತ್ತಿದೆ. ಡಬ್ ತಾನೇ ಬೆಸೆಯುತ್ತೇನೆಂದು ಗುಜರಿ ತಗಡಿನ ಮೇಲೆ ಕೈ ಪಳಗಿಸಲು ಹೋಗಿ ಮುಷ್ಟಿ ತೂರುವಷ್ಟು ತೂತು ಸುಟ್ಟ. ಹೊರಗಡೆ ಕೊಡಲು ಅವರ ಪ್ರತಿಷ್ಠೆ ಬಿಡಲಿಲ್ಲ. ಹಾಗಾಗಿ ಪ್ರತಿ ತಿಂಗಳೂ ಅದೇ ಕಥೆ. ಬೆಳಿಗ್ಗೆ ಮುಚ್ಚಳ ಸುತ್ತುತ್ತದೆ, ಒಲೀಟಾ ಒಂದು ದಿನದ ಸದಸ್ಯಳಾಗುತ್ತಾಳೆ, ಓಡಿಸುತ್ತಾಳೆ, ಸಂಜೆ ಹಾರ್ಲನ್ ಕೈ ಚಾಚುತ್ತಾನೆ. ಮುಚ್ಚಳದಲ್ಲಿ ಬೋಲ್ಟುಗಳು ಕಡಿಮೆಯಾಗುತ್ತಾ ಬಂದವು. ಚಾಚುವ ಕೈ ಮಾತ್ರ ತಪ್ಪಲಿಲ್ಲ. ಪ್ರತಿ ಸಲ ಮನೆಗೆ ಬಂದ ಮೇಲೆ ಅವಳು ಮಂಚದ ಕೆಳಗಿನ ಸೂಟ್‌ಕೇಸನ್ನು ಎಳೆದು, ನೋಡಿ, ಮತ್ತೆ ತಳ್ಳುವ ಸದ್ದು ನನಗೆ ಕೇಳಿಸುತ್ತಿತ್ತು.

ಚಳಿಗಾಲದ ಮಳೆಗೆ ಕೆರೆಯಲ್ಲಿ ನೀರು ನಿಲ್ಲುತ್ತದೆ. ಅದಕ್ಕೆ ಮೊದಲಿನ ಕೊನೆಯ ಸ್ಪರ್ಧೆ ನವೆಂಬರಿನಲ್ಲಿ. ಅವತ್ತೂ ಓಡಿಸಿದಳು, ಅವತ್ತೂ ಗೆದ್ದಳು. ಸಂಜೆ ಹಾರ್ಲನ್ ಟ್ರಕ್ಕಿನ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ಒಲೀಟಾ ಫಲಕ ಹಿಡಿದುಕೊಂಡು ಹತ್ತಿರ ಹೋದಳು.

"ತಗೋ ಹಾರ್ಲನ್."

ಅವನು ತಲೆ ಎತ್ತಲಿಲ್ಲ. "ಕೈಯೆಲ್ಲ ಗ್ರೀಸ್ ಆಗಿದೆ. ನಿನ್ನ ಹತ್ರಾನೇ ಇರ್ಲಿ."

"ಒರೆಸ್ಕೋ. ಕಾಯ್ತೀನಿ."

ಅವನು ಎಂಜಿನ್ನಿನ ಏನನ್ನೋ ತಿರುಗಿಸಿದ, ಮತ್ತೆ ಹಿಂದಕ್ಕೆ ತಿರುಗಿಸಿದ. "ಈ ಗ್ರೀಸು ಅಷ್ಟು ಸುಲಭಕ್ಕೆ ಹೋಗಲ್ಲ ಕಣೇ. ವರ್ಷಗಟ್ಟಲೆ ಹೋಗಲ್ಲ. ನೀನು ಹೋಗಿ ಏನಾದ್ರೂ ತಿನ್ನು."

ಒಲೀಟಾ ನನ್ನ ಹತ್ತಿರ ಬಂದಳು. ಬುಟ್ಟಿಯಲ್ಲಿ ಒಂದು ಸ್ಯಾಂಡ್‌ವಿಚ್ ಉಳಿದಿತ್ತು, ಕೊಟ್ಟೆ. ಅವಳು ನನ್ನ ಪಕ್ಕದಲ್ಲಿ ಬಿರುಕು ಬಿಟ್ಟ ನೆಲದ ಮೇಲೆ ಕೂತು, ಫಲಕವನ್ನು ಮಡಿಲಲ್ಲಿಟ್ಟುಕೊಂಡು, ಕೊನೆಯ ಚೂರಿನವರೆಗೂ ಕೂತೇ ತಿಂದಳು.