ಉಜ್ವಲಾ ಅಳಿಸದ ಫೋಟೋ

ಉಮರ್ಗಾದ ಬಸ್ ನಿಲ್ದಾಣದ ಹಿಂದೆ ನನ್ನ ಹೊಲಿಗೆ ಅಂಗಡಿ, ಪಕ್ಕದ್ದು ಉಜ್ವಲಾಳ ಫೋಟೋ ಸ್ಟುಡಿಯೋ. ನಡುವೆ ಬರೀ ತಗಡು. ಆಕೆ ಸೀನಿದರೂ ನನಗೆ ಕೇಳುತ್ತದೆ. ಆಕೆಯ ಬೆರಳು ಮುರಿದ ಸದ್ದೂ ಕೇಳಿತು.

ಆಕೆ ಜಂಗಮರ ಮರುಳಯ್ಯನವರ ಮಗಳು. ಅಪ್ಪ ಭಕ್ತರ ಮನೆಗಳಲ್ಲಿ ಮದುವೆ, ಸಾವಿನ ವಿಧಿ ಮಾಡಿಸಿದರೆ ಮಗಳು ಅಲ್ಲಿ ಫೋಟೋ ತೆಗೆಯುತ್ತಿದ್ದಳು. ಹೋದ ವರ್ಷ ಒಂದು ಹುಚ್ಚು ಹತ್ತಿತು: ಪ್ರತಿ ಮನೆತನಕ್ಕೂ ಆನ್‌ಲೈನಿನಲ್ಲಿ ಒಂದು ಆಲ್ಬಮ್. ಉದಗೀರಿನ ಬೀಗರೂ ಕೂತಲ್ಲೇ ನೋಡಬೇಕು. ವಾರವಿಡೀ ಮೂರು ಸೈಟುಗಳನ್ನು ಹೋಲಿಸಿದಳು, ಪರೀಕ್ಷೆಗೆ ಪಕ್ಕದ ಚಿಕ್ಕಮ್ಮ ಅಂತ ನನ್ನ ಫೋನು. ಮೊದಲನೆಯದು ನೋಡುವವರಿಗೆಲ್ಲ ಪಾಸ್‌ವರ್ಡ್ ಕೇಳಿ ನನ್ನ ತಲೆ ತಿಂದಿತು. ಎರಡನೆಯದರಲ್ಲಿ ಫೋಟೋಕ್ಕಿಂತ ಜಾಹೀರಾತೇ ಹೆಚ್ಚು. ಮೂರನೆಯದು ಮುಖ ಗುರುತು ಹಿಡಿಯುತ್ತಿತ್ತು; ಒಂದು ಮುಖ ಒತ್ತಿದರೆ ಆ ಮನುಷ್ಯ ಇರುವ ಫೋಟೋಗಳನ್ನೆಲ್ಲ ತಾನೇ ಹೆಕ್ಕಿ ಕೊಡುತ್ತಿತ್ತು. ಆದರೆ ತೋರಿಸುವುದು ಸಣ್ಣ, ಮಸುಕು ಪ್ರತಿ. ದೊಡ್ಡದು ಸ್ಟುಡಿಯೋದಲ್ಲೇ ಉಳಿಯುತ್ತಿತ್ತು.

"ಇದೇ ಛಲೋ ನೋಡ್ರಿ ಕಾಕೂ. ನಾ ಕುಂತು ಒಂದೊಂದೇ ಫೋಟೋ ಆರಿಸೋದೇ ಬ್ಯಾಡ," ಅಂದಳು. ಅಲ್ಲೇ ಎಡವಿದಳು.

ಮೊದಲ ಆಲ್ಬಮ್ ದಾಳಿಂಬದ ಮನ್ಮಥಪ್ಪನ ಸಾವಿನದು. ನಮ್ಮಲ್ಲಿ ಸತ್ತವರನ್ನು ವಿಭೂತಿ ಹಚ್ಚಿ ಕೂಡಿಸುತ್ತೇವೆ, ಎಡ ಅಂಗೈಯಲ್ಲಿ ಅವರ ಇಷ್ಟಲಿಂಗ ಇಡುತ್ತೇವೆ. ಉಜ್ವಲಾ ಕ್ಯಾಮೆರಾ ತಾನಾಗಿ ಫೋಟೋ ತೆಗೆಯುವಂತೆ ಮೂಲೆಯಲ್ಲಿ ನಿಲ್ಲಿಸಿ, ಬಂದವರ ಫೋಟೋಕ್ಕೆಂದು ಅಂಗಳಕ್ಕೆ ಹೋದಳು. ಸಂಜೆ ಆರುನೂರು ಫೋಟೋಗಳನ್ನು ನೋಡದೆಯೇ ಸೈಟಿಗೆ ಏರಿಸಿದಳು.

ಮರುದಿನ ನಿಲಂಗಾದಿಂದ ಮನ್ಮಥಪ್ಪನ ಮಗಳು ಯೋಗಿತಾ ಫೋನ್ ಮಾಡಿದಳು. ಉಜ್ವಲಾ ಸ್ಪೀಕರ್ ಹಾಕಿದ್ದಳು.

"ಅಪ್ಪನ ಮಾರಿ ಒತ್ತಿ ನೋಡ್ದೆ ಅಕ್ಕಾ. ಒಂದು ಫೋಟೋದಾಗ ಅಪ್ಪನ ಕೈಯಾಗ ಲಿಂಗಾನೇ ಇಲ್ಲ. ಅಣ್ಣ ಅಪ್ಪನ ಹೆಬ್ಬಟ್ಟು ಹಿಡದು ಕಾಗದಕ್ಕ ಒತ್ತಲಾಕತ್ಯಾನ. ಹೊಲ ಪೂರಾ ಅಂವಗ ಕೊಟ್ಟಾನಂತ ಅಪ್ಪ! ದೊಡ್ಡ ಫೋಟೋ ಕಳಸ್ರಿ, ನಾ ಕೋರ್ಟಿಗಿ ಹೋಗ್ತೀನಿ."

ಕಾಗದಕ್ಕೆ ಎಡ ಹೆಬ್ಬೆಟ್ಟೇ ಬೇಕು. ಅದಕ್ಕೆ ಲಿಂಗ ಎತ್ತಿದ್ದರು. ಹೆಣದ ಅಂಗೈಯಿಂದ ಲಿಂಗ! ನನ್ನ ಮೈಯೆಲ್ಲ ಉರಿದುಹೋಯಿತು.

ಉಜ್ವಲಾ ಕಂಪ್ಯೂಟರ್ ಹಚ್ಚುವಷ್ಟರಲ್ಲಿ ಆ ಅಣ್ಣ ನಾಗನಾಥ ಬಂದ. ಆಲ್ಬಮ್ ಅವನ ಫೋನಿಗೂ ಹೋಗಿತ್ತಲ್ಲ. ಒಳಗೆ ನುಗ್ಗಿ ಶಟರ್ ಎಳೆದ. ಕಪಾಳಕ್ಕೆ ಬಿದ್ದ ಏಟು ನನಗೆ ಕೇಳಿತು.

"ಅಳಸ್ತಿಯೋ ಇಲ್ಲೋ?"

"ಅಳಸಂಗಿಲ್ಲ."

ಕ್ಯಾಮೆರಾ ನೆಲಕ್ಕಪ್ಪಳಿಸಿತು. ಆಕೆಯೇ ಆಮೇಲೆ ಹೇಳಿದಳು, ಬಲಗೈಯನ್ನು ಮೇಜಿನ ಕಬ್ಬಿಣದ ಡ್ರಾಯರಿನಲ್ಲಿಟ್ಟು ಒದ್ದು ಮುಚ್ಚಿದ. ಆಕೆ ಕಿರುಚಿದಳು. ಮತ್ತೊಮ್ಮೆ ಒದ್ದ.

ನಾನು ಇಸ್ತ್ರಿಪೆಟ್ಟಿಗೆ ಹಿಡಿದೇ ಓಡಿದೆ. ಶಟರ್ ಎತ್ತಿ ಅದನ್ನು ಬಿಸಿಬಿಸಿಯಾಗಿ ಅವನ ಬೆನ್ನಿಗೆ ಒತ್ತಿದೆ. ತಿರುಗಿ ನನ್ನನ್ನು ಗೋಡೆಗೆ ನೂಕಿದ, ಹುಬ್ಬು ಒಡೆಯಿತು. ಎದ್ದು ಮೊಣಕಾಲಿಗೆ ಬಾರಿಸಿದೆ, ಬಿದ್ದ. ಇನ್ನೆರಡು ಹಾಕಬೇಕಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ಗಲಾಟೆ ಕೇಳಿ ಮರುಳಯ್ಯನವರು ಓಡಿ ಬಂದರು. ಬಿದ್ದಲ್ಲಿಂದಲೇ ನಾಗನಾಥ ನಕ್ಕ. "ಅಯ್ಯನವ್ರೇ, ನಿಮ್ಮ ಮಗಳಿಗಿ ನೀವೇ ಹೇಳ್ರಿ."

"ಅಳಸು ತಾಯಿ," ಅಂದರು ಮರುಳಯ್ಯ.

ಮಗಳ ಮೇಲಿನ ಕರುಳು ಅಂದುಕೊಂಡೆ. ಉಜ್ವಲಾ ಮುರಿದ ಕೈ ಮಡಿಲಲ್ಲಿಟ್ಟುಕೊಂಡು, ಎಡಗೈಯಿಂದ ದೊಡ್ಡ ಫೋಟೋ ತೆರೆದಳು. ಅಂಚಿನಲ್ಲಿ ಕಾವಿ ತೋಳೊಂದು ಚಾಚಿತ್ತು. ಬೆರಳಿನಲ್ಲಿ ಮಠದವರು ಮರುಳಯ್ಯನವರಿಗೆ ಕೊಟ್ಟ ಉಂಗುರ, ಅಂಗೈಯಲ್ಲಿ ಮನ್ಮಥಪ್ಪನ ಲಿಂಗ.

"ಅಪ್ಪಾ, ನೀ ಹಿಡದಿದ್ದ್ಯಾ?"

"ಒಂದು ಗಳಿಗಿ ಹಿಡೀರಿ ಅಂದಾ... ಹಿಡದೆ. ಇದು ಹೊರಗ ಬಿತ್ತಂದ್ರ ಯಾವ ಭಕ್ತನೂ ನನಗ ಮನಿಯೊಳಗ ಕರಿಯಂಗಿಲ್ಲ." ಪರದೆಯ ಅಂಚಿನ ಆ ತೋಳಿನ ಮೇಲೆ ಬೆರಳಿಟ್ಟರು. "ಕಳಸೋದೇ ಇದ್ರ ಕಳಸು. ನನ್ನ ಕೈ ಇರೋ ಬಾಜು ಅಷ್ಟು ತಗದು ಕಳಸು."

ಉಜ್ವಲಾ ಗೊಳೋ ಎಂದು ಅತ್ತಳು. ಬೆರಳು ಮುರಿದಾಗಲೂ ಹಾಗೆ ಅತ್ತಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಅಪ್ಪ ಎದುರಿಗೆ ನಿಂತಿರುವಾಗಲೇ, ಯೋಗಿತಾಳಿಗೆ ಫೋಟೋ ಪೂರ್ತಿಯಾಗಿ ಕಳಿಸಿದಳು.