ಷಟರಿನ ಆಚೆ ತಂಗಿ, ಈಚೆ ಡಬ್ಬಿ

ಆ ರಾತ್ರಿ ನಮ್ಮ ಗೋದಾಮಿನ ಷಟರ್ ಬಡಿದದ್ದು ನನ್ನ ತಂಗಿ ಗೌರಿ. ಅದೇ ಹೊತ್ತಿಗೆ ಗೌರಿ ಶಿಕಾರಿಪುರದ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಳು. ಎರಡೂ ನಿಜ. ನಂಬುವವರು ನಂಬಿ, ಬಿಡುವವರು ಬಿಡಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಕಥೆ ಕಟ್ಟಲು ಬರುವುದಿಲ್ಲ.

ಗೌರಿಯನ್ನು ಕೊಟ್ಟದ್ದು ಕುಬಟೂರಿಗೆ. ಅವಳ ಎದೆಯಲ್ಲಿ ಗಂಟಾಗಿತ್ತು. ಶಿಕಾರಿಪುರದಲ್ಲಿ ಸಂಜೆ ಆಪರೇಷನ್ ಮಾಡಿ ತೆಗೆದರು. ಕ್ಯಾನ್ಸರೋ ಅಲ್ಲವೋ ಎಂದು ಶಿವಮೊಗ್ಗದ ಲ್ಯಾಬಿನವರು ನೋಡಿ ಹೇಳಬೇಕು. ಅಲ್ಲಿಗೆ ಒಯ್ಯುವುದು ಮನೆಯವರ ಕೆಲಸ. ನರ್ಸ್ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ನನ್ನ ಕೈಗಿಟ್ಟಳು. ನೀರಿನಂಥ ಔಷಧಿ, ಅದರಲ್ಲಿ ಮುಳುಗಿದ ಒಂದು ತುಂಡು.

"ಇದು ಫಾರ್ಮಾಲಿನ್ ಅಜ್ಜಿ. ತುಂಡು ಕೆಡದಂಗೆ ಹಿಡಿದಿಡ್ತದೆ. ಮುಚ್ಚಳ ತೆಗೀಬ್ಯಾಡ್ರಿ, ನೀರು ಹಾಕಬ್ಯಾಡ್ರಿ, ಫ್ರಿಜ್ಜಿನ ಐಸಿನಾಗೂ ಇಡಬ್ಯಾಡ್ರಿ."

"ನೀರು ಹಾಕಿದ್ರೆ?"

"ಕೊಳೀತದೆ. ಏನೂ ಗೊತ್ತಾಗಲ್ಲ. ಇನ್ನೊಂದು ಸಲ ತೆಗೆಯಕ್ಕೆ ಆ ಗಂಟು ಮೈಯಾಗೆ ಇಲ್ಲವಲ್ರಿ."

ಗೌರಿಗೆ ಆಗ ಅರೆ ಎಚ್ಚರ. ನನ್ನ ಸೆರಗು ಹಿಡಿದಳು. "ಡಬ್ಬಿಯಾಗೆ ಇಡಬ್ಯಾಡ ಅಕ್ಕಾ... ಮಣ್ಣಿಗೆ ಕೊಡು."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ವಿಭೂತಿ ಹಚ್ಚಿ, ಕೂರಿಸಿ, ಮಣ್ಣು ಮಾಡುತ್ತೇವೆ. ಮೈಯಿಂದ ಬೇರೆಯಾದದ್ದೂ ಮಣ್ಣಿಗೇ ಸೇರಬೇಕೆಂದು ಅವಳ ಹಟ.

"ಸುಮ್ನೆ ಮಲ್ಕೊ. ನಿನ್ನ ಮಣ್ಣು ಮಾಡೋದು ತಪ್ಪಿಸಕ್ಕೇ ಇದನ್ನ ಒಯ್ಯೋದು" ಎಂದೆ.

ರಾತ್ರಿ ಜೊತೆಗೆ ಒಬ್ಬರೇ ಇರಬೇಕು ಅಂದರು. ಅವಳ ಮಗಳು ಸುಮಾ ಉಳಿದಳು. ನಾನು ಡಬ್ಬಿ ಹಿಡಿದು ಕೊನೆಯ ಬಸ್ಸಿಗೆ ಶಿರಾಳಕೊಪ್ಪದ ನಮ್ಮ ಮನೆಗೆ ಬಂದೆ. ಬಾಗಿಲಲ್ಲೇ ಸೊಸೆ ಅಡ್ಡ ನಿಂತಳು.

"ಲಿಂಗಪೂಜೆ ಆಗೋ ಮನೆ ಅತ್ತೆ. ಒಳಗೆ ಮಾಂಸ ಬ್ಯಾಡ."

"ಕುರಿದಲ್ಲ ಕಣೆ ಇದು, ನಿನ್ನ ಚಿಕ್ಕತ್ತೆದು."

"ಯಾರದಾದ್ರೂ ಮಾಂಸ ಮಾಂಸನೇ."

ಹಿತ್ತಲ ಗೋದಾಮಿಗೆ ಹೋದೆ. ಮಗ ಮೆಕ್ಕೆಜೋಳ ಕೊಂಡು ಮಾರುತ್ತಾನೆ, ಅದರದ್ದೇ ಚೀಲಗಳು. ಷಟರ್ ಎಳೆದು ಒಳಗಿನಿಂದ ಚಿಲಕ ಹಾಕಿದೆ. ಚೀಲಗಳ ನಡುವೆ ಚಾಪೆ ಹಾಸಿ, ಡಬ್ಬಿಯನ್ನು ತಲೆಯ ಹತ್ತಿರ ಇಟ್ಟುಕೊಂಡು ಮಲಗಿದೆ. ಜೋಳದ ಧೂಳಿನ ವಾಸನೆ... ಅದರ ಮೇಲೆ ಫಾರ್ಮಾಲಿನ್ನಿನ ಘಾಟು. ಮುಚ್ಚಳ ಬಿಗಿಯಾಗಿತ್ತು. ಆದರೂ ಕಣ್ಣು ಉರಿಯಿತು.

ಎಷ್ಟು ಹೊತ್ತಾಗಿತ್ತೋ... ಇಲಿಗಳ ಸದ್ದು ನಿಂತುಹೋಯಿತು. ಜೋಳದ ಗೋದಾಮಿನಲ್ಲಿ ಇಲಿಗಳು ಸುಮ್ಮನಾಗುವುದಿಲ್ಲ. ಅದಕ್ಕೇ ನನಗೆ ಎಚ್ಚರವಾಯಿತು.

ಟಕ್... ಟಕ್...

ಷಟರಿನ ಕೆಳಭಾಗದಲ್ಲಿ. ಕೂತವರು ಬಡಿದ ಹಾಗೆ.

"ಅಕ್ಕಾ..."

ಗೌರಿಯ ದನಿ. ಬೇರೆ ಯಾರದ್ದೋ ಇರಬಹುದು ಅನ್ನುವ ಹಾಗೇ ಇರಲಿಲ್ಲ. ನಾನು ಎತ್ತಿ ಆಡಿಸಿದವಳು ಅವಳು.

"ಉರಿತೈತೆ ಅಕ್ಕಾ. ಅದನ್ನ ನೀರಿಗೆ ಹಾಕು."

ಮೊಬೈಲ್ ಒತ್ತಿದೆ. ಸುಮಾ ಎತ್ತಿದಳು.

"ನಿಮ್ಮವ್ವ ಎಲ್ಲೇ?"

"ಇಲ್ಲೇ ದೊಡ್ಡವ್ವ, ಮಲಗ್ಯಾಳೆ. ಗೊರಕೆ ಕೇಳು ಬೇಕಾದ್ರೆ." ಫೋನನ್ನು ತಾಯಿಯ ಬಳಿ ಹಿಡಿದಳು.

ಒಂದು ಕಿವಿಯಲ್ಲಿ ಗೌರಿಯ ಗೊರಕೆ. ಇನ್ನೊಂದು ಕಿವಿಗೆ, ಷಟರಿನ ಆಚೆಯಿಂದ, "ನೀರು ಅಕ್ಕಾ... ನೀರು..."

ಫೋನ್ ಇಟ್ಟು ಡಬ್ಬಿ ಮುಟ್ಟಿದೆ. ಬೆಚ್ಚಗಿತ್ತು. ಮುಚ್ಚಳ ಒಂದು ಸುತ್ತು ಸಡಿಲವಾಗಿತ್ತು. ನಾನು ತಿರುಗಿಸಿರಲಿಲ್ಲ. ಪಕ್ಕದಲ್ಲಿ ಕುಡಿಯಲು ತಂದಿಟ್ಟ ನೀರಿನ ಚೊಂಬು. ನನ್ನ ಕೈ ಆ ಚೊಂಬನ್ನು ಹಿಡಿದಾಗಿದೆ ಎಂದು ನನಗೇ ತಡವಾಗಿ ತಿಳಿಯಿತು.

ಚೊಂಬನ್ನು ದೂರಕ್ಕೆ ಎಸೆದೆ. ಮುಚ್ಚಳ ಬಿಗಿದು, ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ.

"ಉರಿದ್ರೆ ಉರೀಲಿ. ಒಂದು ರಾತ್ರಿ ತಡಕೊ."

ಆಚೆ ಅಳು... ಸಣ್ಣವಳಿದ್ದಾಗ ಅಳುತ್ತಿದ್ದ ಹಾಗೆ, ಉಸಿರು ಕಟ್ಟಿ ಕಟ್ಟಿ. ಬೈದರೆ ನಿಲ್ಲುವ ಅಳುವಲ್ಲ ಅದು.

"ಪರೀಕ್ಷೆ ಒಂದು ಆಗ್ಲಿ. ಆಮ್ಯಾಲೆ ವಾಪಸ್ ತಂದು ಮಣ್ಣಿಗೆ ಕೊಡ್ತೀನಿ. ಹೋಗು."

"ದೇವರಾಣೆ?"

"ದೇವರಾಣೆ."

ಅಳು ನಿಂತಿತು. ಎದ್ದು ಹೋದ ಹೆಜ್ಜೆಯ ಸದ್ದು ಮಾತ್ರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಇಲಿಗಳು ಮತ್ತೆ ಓಡಾಡತೊಡಗಿದವು. ನಾನು ಬೆಳಗಾಗುವ ತನಕ ಕಣ್ಣು ಮುಚ್ಚಲಿಲ್ಲ.

ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಟೆ. ಷಟರ್ ಎತ್ತುವಾಗ ಹೊರಗಿನ ನೆಲ ನೋಡಲಿಲ್ಲ. ಲ್ಯಾಬಿನಲ್ಲಿ ಡಬ್ಬಿ ಕೊಡುವ ಮೊದಲು ಅಲ್ಲಿದ್ದವನನ್ನು ಕೇಳಿದೆ.

"ನೋಡಿ ಆದಮ್ಯಾಲೆ ವಾಪಸ್ ಕೊಡ್ತೀಯೇನಪ್ಪ?"

"ಇಲ್ಲಜ್ಜಿ. ಬೇಕಾದಷ್ಟು ಕತ್ತರಿಸಿ ಮೇಣದಲ್ಲಿ ಕೂರಿಸಿ ಇಟ್ಕೊಳ್ತೀವಿ, ವರ್ಷಗಟ್ಟಲೆ. ಮುಂದೆ ಮತ್ತೆ ನೋಡಬೇಕಾಗಿ ಬಂದ್ರೆ ಬೇಕಲ್ಲ? ಉಳಿದಿದ್ದು ಸುಡೋಕೆ ಹೋಗುತ್ತೆ."

ಕೊಟ್ಟೆ.

ತುಂಡು ಕೆಟ್ಟಿರಲಿಲ್ಲ. ಕ್ಯಾನ್ಸರ್ ಎಂದೇ ಬಂತು, ತಕ್ಕ ಔಷಧಿಯೂ ಆಯಿತು. ಗೌರಿ ಈಗಲೂ ಬದುಕಿದ್ದಾಳೆ. ಆ ರಾತ್ರಿಯ ಮಾತನ್ನು ನಾನು ಅವಳಿಗೆ ಇಂದಿಗೂ ಹೇಳಿಲ್ಲ. ಆದರೆ ಅವಳು ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದಾಳೆ. ಕರೆದರೆ, "ಬಂದ್ರೂ ನೀನು ಬಾಗಿಲು ತೆಗೆಯಲ್ಲ ಬಿಡು" ಅನ್ನುತ್ತಾಳೆ. ಯಾಕೆ ಹಾಗಂದೆ ಎಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ಆ ಮಾತು ಬಂದ ದಿನ ನನಗೆ ಊಟ ಸೇರುವುದಿಲ್ಲ.

ಅವತ್ತು ಬೆಳಿಗ್ಗೆ ಲ್ಯಾಬಿನಿಂದ ವಾಪಸ್ ಬರುವಾಗ ಬಸ್ಸು ಶಿಕಾರಿಪುರದಲ್ಲಿ ನಿಂತಿತು. ಆಸ್ಪತ್ರೆ ಅಲ್ಲೇ ಹತ್ತಿರ. ನಾನು ಇಳಿಯಲಿಲ್ಲ. ನೇರ ಶಿರಾಳಕೊಪ್ಪಕ್ಕೆ ಬಂದು, ವೆಲ್ಡಿಂಗ್ ಅಂಗಡಿಯವನನ್ನು ಕರೆದುಕೊಂಡು ಹೋಗಿ, ಗೋದಾಮಿನ ಷಟರಿಗೆ ಒಳಗಿನಿಂದ ಇನ್ನೊಂದು ಚಿಲಕ ಹಾಕಿಸಿದೆ.