ಮಾವನ ಬೆಲ್ಲ, ಅತ್ತೆಯ ಲೋಳೆ

ಮೊನ್ನೆ ಭಾನುವಾರ ಹನಕೆರೆಯಲ್ಲಿ ರೈಲು ಸುಮ್ಮನೆ ನಿಂತುಬಿಟ್ಟಿತು. ಯಾಕೆ ನಿಂತಿತು ಎಂದು ನಮ್ಮ ಪ್ಯಾಸೆಂಜರಿನಲ್ಲಿ ಯಾರೂ ಕೇಳುವುದಿಲ್ಲ. ಅಷ್ಟು ಅವಸರ ಇರುವವರು ಬಸ್ಸು ಹತ್ತುತ್ತಾರೆ. ಮದ್ದೂರಿನಲ್ಲೇ ಕಿಟಕಿಯ ಪಕ್ಕದ ಸೀಟು ಹಿಡಿದಿದ್ದೆ. ಆ ಕಿಟಕಿಯಿಂದ ಕಬ್ಬಿನ ಹಾಲು ಕುದಿಯುವ ವಾಸನೆ ಒಳಗೆ ಬಂತು. ಎದುರು ಕೂತಿದ್ದ ಹೆಂಗಸು ಮೂಗರಳಿಸಿ, ‘ಪಾಕ ಬಂದದೆ’ ಎಂದರು, ತಾವೇ ಕೊಪ್ಪರಿಗೆಯ ಮುಂದೆ ನಿಂತವರಂತೆ. ಈ ವಾಸನೆಗೆ ನಿಮಗೆಲ್ಲ ಬಾಯಲ್ಲಿ ನೀರೂರುತ್ತದೆ. ನನಗೆ ಕಣ್ಣಲ್ಲಿ. ವಯಸ್ಸಾಯಿತು ನೋಡಿ, ನೀರು ಎಲ್ಲಿ ಬರಬೇಕು ಎಂಬುದೂ ಮೈಗೆ ನೆನಪಿರುವುದಿಲ್ಲ.

ನಾನು ಹೊರಟಿದ್ದು ಯಲಿಯೂರಿಗೆ, ಮಾವನನ್ನು ನೋಡಲು. ಮಾವ ಎಂದರೆ ನಮ್ಮಪ್ಪನ ತಂಗಿ ಪುಟ್ಟತಾಯಮ್ಮತ್ತೆಯ ಗಂಡ. ಗದ್ದೆಯ ಅಂಚಿನಲ್ಲಿ ಅವರದೊಂದು ಆಲೆಮನೆ. ಕೊಪ್ಪರಿಗೆಯಿಂದ ಬೆಲ್ಲ ಇಳಿಸಿದ ದಿನ ಮಾವ ಮೊದಲು ಮಾಡುತ್ತಿದ್ದ ಕೆಲಸ ಒಂದೇ: ಬಾಳೆ ಎಲೆಯ ಚೂರಿನ ಮೇಲೆ ಒಂದಿಷ್ಟು ಬಿಸಿ ಬೆಲ್ಲ ಹಾಕಿಕೊಂಡು, ಅಂಗೈ ಸುಟ್ಟರೂ ಬಿಡದೆ ಮನೆಗೆ ಓಡಿಬಂದು ಅತ್ತೆಯ ಮುಂದೆ ಇಡುವುದು. ಅಚ್ಚಿಗೆ ಸುರಿಯುವುದು, ಆಳುಗಳಿಗೆ ಹೇಳುವುದು ಎಲ್ಲ ಆಮೇಲೆ. ‘ನಾನೇನು ಎಳೆ ಮಗೀನಾ?’ ಎಂದು ಅತ್ತೆ ಗದರುತ್ತಿದ್ದಳು. ಗದರಿ, ತಿಂದು, ಎಲೆಯನ್ನೂ ನೆಕ್ಕುತ್ತಿದ್ದಳು. ನಮ್ಮ ಕಡೆ ಗಂಡ ಹೆಂಡತಿ ನಾಲ್ಕು ಜನರ ಮುಂದೆ ಒಬ್ಬರನ್ನೊಬ್ಬರು ಹೊಗಳುವ ರೂಢಿಯಿಲ್ಲ, ಬೈಯುವ ರೂಢಿ ಬೇಕಾದಷ್ಟಿದೆ. ಆ ಬಿಸಿ ಬೆಲ್ಲವೊಂದೇ ಅವರಿಬ್ಬರ ನಡುವಿನ ಮಾತು ಎಂದು ನನಗೆ ಚಿಕ್ಕಂದಿನಲ್ಲೇ ಗೊತ್ತಾಗಿತ್ತು.

ನನ್ನದು ಮದ್ದೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಕೆಲಸ. ನೆಂಟರ ಲೆಕ್ಕದಲ್ಲಿ ನಾನು ಅರ್ಧ ಡಾಕ್ಟರು. ಹಸುವಿನ ಕೆಚ್ಚಲು ಬಾತರೂ ನನಗೇ ಫೋನು, ತೆಂಗಿಗೆ ನುಸಿ ಬಿದ್ದರೂ ನನಗೇ ಫೋನು. ಗೊತ್ತಿಲ್ಲ ಎಂದರೆ, ‘ಮತ್ಯಾಕೆ ಸಂಬ್ಳ ತಗತೀಯ?’ ಎನ್ನುತ್ತಾರೆ. ತರಗತಿಯಲ್ಲಿ ನನಗೆ ಬಲು ಇಷ್ಟದ ಪಾಠ ಲೋಳೆಯದು. ಲೋಳೆ ಎಂದೊಡನೆ ಮಕ್ಕಳು ಥೂ ಎನ್ನುತ್ತಾರೆ. ನಾನು ಲೋಳೆಯ ಪರ ವಕಾಲತ್ತಿಗೆ ನಿಲ್ಲುತ್ತೇನೆ. ಆಲೆಮನೆಯಲ್ಲಿ ಬೆಂಡೆ ಗಿಡವನ್ನು ಜಜ್ಜಿ, ಅದರ ಲೋಳೆಯನ್ನು ಕುದಿಯುವ ಕಬ್ಬಿನ ಹಾಲಿಗೆ ಬಿಟ್ಟರೆ ಕೊಳೆಯೆಲ್ಲ ಅದಕ್ಕೆ ಅಂಟಿಕೊಂಡು ಮೇಲೆ ಬರುತ್ತದಲ್ಲ, ನಮ್ಮ ಮೈಯೊಳಗಿನ ಲೋಳೆಯೂ ಅಂಥದೇ ಕೆಲಸದ್ದು ಎನ್ನುತ್ತೇನೆ. ಬಾಯಿ, ಶ್ವಾಸಕೋಶ, ಹೊಟ್ಟೆ, ಕರುಳು, ಎಲ್ಲದರ ಒಳಮೈಗೂ ಅದರ ಹೊದಿಕೆಯಿದೆ. ಒಣಗಲು ಬಿಡುವುದಿಲ್ಲ, ಧೂಳು ಕ್ರಿಮಿಗಳನ್ನು ಒಳಗೆ ಬಿಡುವುದಿಲ್ಲ. ಆ ಲೋಳೆಯನ್ನು ಕಟ್ಟುವ ಪ್ರೋಟೀನಿಗೆ ಮ್ಯೂಸಿನ್ ಎಂದು ಹೆಸರು. ಉದ್ದನೆಯ ಎಳೆ, ಅದರ ತುಂಬ ಒತ್ತೊತ್ತಾಗಿ ಸಕ್ಕರೆಯ ಸರಗಳು. ಆ ಸರಗಳು ನೀರು ಹಿಡಿದಿಟ್ಟುಕೊಳ್ಳುವುದರಿಂದಲೇ ಲೋಳೆಗೆ ಆ ಜಾರು. ಇಷ್ಟು ಹೇಳುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಮಕ್ಕಳು ಬದುಕಿದೆವು ಎಂದು ಓಡುತ್ತಾರೆ.

ಅತ್ತೆಯ ಹೊಟ್ಟೆ ಊದಿಕೊಳ್ಳತೊಡಗಿದಾಗ ಮನೆಯವರೆಲ್ಲ ಗ್ಯಾಸು ಎಂದರು. ಓಮದ ನೀರಾಯಿತು, ಶುಂಠಿ ಕಷಾಯವಾಯಿತು. ಊಟ ಸೇರದೆ ಕತ್ತು ಸಣ್ಣಗಾದರೂ ಹೊಟ್ಟೆ ಮಾತ್ರ ಹಿಗ್ಗುತ್ತಲೇ ಇತ್ತು. ಕೊನೆಗೆ ಮಂಡ್ಯದಲ್ಲಿ ಸ್ಕ್ಯಾನ್ ಆಯಿತು. ಅಲ್ಲಿಂದ ಬೆಂಗಳೂರಿಗೆ ಬರೆದುಕೊಟ್ಟರು. ಅಂಡಾಶಯದ ಕ್ಯಾನ್ಸರ್.

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯ ಜೀವ. ಅತ್ತೆಯನ್ನು ಪರೀಕ್ಷೆಗೆ ಒಳಗೆ ಕರೆದೊಯ್ದಿದ್ದಾಗ ಮಾವ, ‘ಇದು ಯಂಗೆ ಬತ್ತು ಅಂತ ಒಸಿ ಬುಡಿಸಿ ಏಳಿ ತಾಯಿ’ ಎಂದು ಕೈಮುಗಿದ. ಆಕೆ ಹಾಳೆಯೊಂದರ ಮೇಲೆ ಒಂದು ಕೋಶ ಬರೆದು, ಅದರ ನೆತ್ತಿಯ ಮೇಲೆ ಆ ಲೋಳೆಯ ಪ್ರೋಟೀನಿನ ಎಳೆಗಳನ್ನು ಎಳೆದು, ಎಳೆಗಳಿಗೆ ಸಕ್ಕರೆಯ ಸರ ಪೋಣಿಸಿದರು. ಆರೋಗ್ಯವಾಗಿರುವಾಗ ಈ ಎಳೆಗಳು ಒಂದೇ ಕಡೆ ಇರುತ್ತವೆ, ಬಾಗಿಲ ಮುಂದೆ ಕಾವಲು ನಿಂತ ಹಾಗೆ. ಕ್ಯಾನ್ಸರ್ ಆದಾಗ ಕೋಶಕ್ಕೆ ದಿಕ್ಕು ತಪ್ಪುತ್ತದೆ. ಎಳೆಗಳು ಸುತ್ತಲೂ ಬೆಳೆದು ಅದನ್ನು ಮುಚ್ಚಿಬಿಡುತ್ತವೆ, ಸಕ್ಕರೆಯ ಸರಗಳೂ ಕುಲಗೆಟ್ಟು ತುಂಡಾಗುತ್ತವೆ. ಮೈಯನ್ನು ಕಾಯುವ ರಕ್ತದ ಕೋಶಗಳು ಹತ್ತಿರ ಬಂದರೂ ಅದನ್ನು ಸರಿಯಾಗಿ ಹಿಡಿಯಲಾಗುವುದಿಲ್ಲ. ಡಾಕ್ಟರು ಹೇಳಿದ್ದು ಇಷ್ಟು. ನಾನು ಸುಮ್ಮನಿರಬೇಕೋ ಬೇಡವೋ? ಟೀಚರಮ್ಮನ ಬಾಯಿ. ‘ಕಳ್ಳ ಕಂಬಳಿ ಹೊದ್ದುಕೊಂಡ ಹಾಗೆ ಮಾವ. ಆದರೆ ಆ ಕಂಬಳಿಯ ನೂಲು ಉದುರಿ ರಕ್ತಕ್ಕೆ ಬೀಳ್ತದೆ. ರಕ್ತ ಪರೀಕ್ಷೆಯಲ್ಲಿ ಹುಡುಕೋದು ಆ ನೂಲನ್ನೇ’ ಎಂದೆ. ಮಾವ ಚಿತ್ರವನ್ನೇ ನೋಡುತ್ತಿದ್ದ.

ಡ್ರಿಪ್ಪಿನ ಔಷಧ ಶುರುವಾಯಿತು. ಅತ್ತೆಯ ಕೂದಲು ಉದುರಿತು, ನಾಲಿಗೆ ಕೆಟ್ಟಿತು. ಅದನ್ನೆಲ್ಲ ಅವಳು ಬೈದುಕೊಂಡೇ ಸಹಿಸಿದಳು. ಆದರೆ ಮುಂದಿನ ಡ್ರಿಪ್ಪಿಗೆ ಕರೆದೊಯ್ಯಲು ನಾನು ಹೋದ ದಿನ ಗೋಡೆಗೆ ಮುಖ ಮಾಡಿ ಮಲಗಿದ್ದವಳು ಏಳಲೇ ಇಲ್ಲ.

‘ನಾ ಬರಾಕಿಲ್ಲ ಕಣವ್ವ. ಸಾಕು.’

‘ಯಾಕತ್ತೆ? ಅರ್ಧಕ್ಕೆ ಬಿಟ್ಟರೆ ಅದು ಮತ್ತೆ ಎದ್ದು ಕೂರ್ತದೆ.’

‘ಕೂತ್ಕಳ್ಳಿ. ನಿಮ್ ಮಾವ್ನೇ ನನ್ನ ಕೈ ಬುಟ್ಮೇಲೆ ನಾನು ಯಾರ್ಗೋಸ್ಕರ ಆ ಸೂಜಿ ಚುಚ್ಚುಸ್ಕಳ್ಳಲಿ?’

ಆಮೇಲೆ ಬಿಡಿಸಿ ಹೇಳಿದಳು. ಆಸ್ಪತ್ರೆಯಿಂದ ಬಂದ ಮೇಲೆ ಮಾವ ಒಂದು ದಿನವೂ ಬೆಲ್ಲ ತಂದಿರಲಿಲ್ಲ. ಮನೆಯಲ್ಲಿದ್ದ ಬೆಲ್ಲದ ಡಬ್ಬಿಯನ್ನೂ ಎತ್ತಿ ಯಾರಿಗೋ ಕೊಟ್ಟಿದ್ದ. ಕಾಫಿಗೂ ಒಂದು ಚೂರು ಹಾಕಗೊಡುತ್ತಿರಲಿಲ್ಲ. ‘ಸಾಯೋಳ್ಗೆ ಯಾಕೆ ಬೆಲ್ಲ ಅಂತ ಅವ್ರೇ ತೀರ್ಮಾನ ಮಾಡವ್ರೆ’ ಎಂದು ಅತ್ತೆ ಕಣ್ಣೊರೆಸಿಕೊಂಡಳು. ಅತ್ತೆ ಅತ್ತಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸಿಟ್ಟಿನಲ್ಲೇ ಆಲೆಮನೆಗೆ ಹೋದೆ. ಸುತ್ತ ಎಲ್ಲರ ಕಬ್ಬೂ ಕಟಾವಾಗುತ್ತಿತ್ತು, ಮಾವನ ಒಲೆ ಮಾತ್ರ ತಣ್ಣಗಿತ್ತು. ಬೋರಲು ಹಾಕಿದ ಕೊಪ್ಪರಿಗೆಯ ಪಕ್ಕ ಅವನೊಬ್ಬನೇ ಕೂತಿದ್ದ.

‘ಒಲೆ ಯಾಕೆ ಹಚ್ಚಿಲ್ಲ ಮಾವ?’

‘ಇನ್ಮೇಕೆ ಹಚ್ಚಾಕಿಲ್ಲ ಬುಡವ್ವ.’

‘ಅತ್ತೆ ಅಲ್ಲಿ ಗೋಡೆ ನೋಡ್ಕೊಂಡು ಮಲಗಿದ್ದಾಳೆ. ನೀನು ಅವಳನ್ನ ಬಿಟ್ಟೇಬಿಟ್ಟೆ ಅಂತ ಅವಳ ತಲೇಲಿ ಕೂತಿದೆ.’

ಮಾವ ತಲೆಯೆತ್ತಿದ. ಕಣ್ಣು ಕೆಂಡವಾಗಿದ್ದವು. ‘ನಾನು ಬುಟ್ನಾ? ಆ ಡಾಕ್ಟ್ರಮ್ಮ ಬರೆದಿದ್ದ ನೀನೂ ನೋಡ್ನಿಲ್ವಾ? ಸಕ್ರೆ ಅಂಟ್ಕಂಡದೆ ಅಂದ್ರು. ಆ ಸಕ್ರೆ ಕೆಟ್ಟೋಗದೆ ಅಂದ್ರು. ಅವ್ಳ ಮೈಗೆ ಅಷ್ಟು ಸಕ್ರೆ ತುಂಬ್ದೋನು ಯಾರು? ನಾನೇ ತಾನೆ? ಬ್ಯಾಡ ಬ್ಯಾಡ ಅಂತಿದ್ಲು. ಓಡ್ಬಂದು ಓಡ್ಬಂದು ತಿನ್ನಿಸ್ದೆ. ನನ್ ಕೈಯಾರೆ ಇಕ್ಕಿ ಕೊಂದ್ಬುಟ್ಟೆ ಕಣವ್ವ.’

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಬೆಲ್ಲ ಮಾಡುವ ಮನುಷ್ಯನಿಗಲ್ಲದೆ ಇನ್ಯಾರಿಗೆ ಹೀಗೆ ಹೊಳೆಯಬೇಕು? ‘ಅಯ್ಯೋ ಮಾವ, ಅದು ನೀನು ಕೊಟ್ಟ ಬೆಲ್ಲ ಅಲ್ಲ. ಆ ಸಕ್ಕರೆ ಸರ ಮೈ ತಾನೇ ಮಾಡ್ಕೊಳ್ಳೋದು. ಮುದ್ದೆ ತಿಂದರೂ ಮಾಡ್ತದೆ, ಬೆಲ್ಲದ ಮುಖಾನೇ ನೋಡದವರ ಮೈಯಲ್ಲೂ ಮಾಡ್ತದೆ’ ಎಂದೆ. ನನಗೆ ತಿಳಿದಿದ್ದನ್ನೆಲ್ಲ ಹೇಳಿದೆ. ಮಾವ ಕೇಳಿದ. ಕೇಳಿ, ‘ನಿನ್ ಪಾಟ ಕಾಲೇಜಲ್ಲಿ ಇಟ್ಕೊ. ಕಬ್ಬಿನಾಲು ಕೆಟ್ರೆ ಬೆಲ್ಲ ಕೆಡಾಕಿಲ್ವಾ?’ ಎಂದ. ನನ್ನ ಡಿಗ್ರಿಗೆ ಅಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ.

ಮನೆಗೆ ವಾಪಸು ಬಂದು ಅತ್ತೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಎದ್ದು ಕೂತಳು. ತಲೆಗೆ ಸೆರಗು ಹೊದ್ದು, ನನ್ನ ಭುಜ ಹಿಡಿದು ಗದ್ದೆಯ ಬದುವಿನ ಮೇಲೆ ಹೊರಟೇಬಿಟ್ಟಳು. ದಾರಿಯಲ್ಲಿ ಎರಡು ಸಲ ಕೂತು ಉಸಿರು ತೆಗೆದುಕೊಂಡಳು. ನಾನು ಬೇಡವೆಂದರೆ ಕೇಳಲಿಲ್ಲ. ಆಲೆಮನೆಯ ಬಾಗಿಲಲ್ಲಿ ನಿಂತವಳೇ ಶುರು ಮಾಡಿದಳು.

‘ಅಲ್ಲ ಕನಿ, ಬೆಲ್ಲ ತಿಂದು ಈ ಕಾಯ್ಲೆ ಬರಂಗಿದ್ರೆ ನಿಮಗ್ಯಾಕೆ ಬರ್ನಿಲ್ಲ? ನಂಗೆ ಎಲೇಲಿ ತಂದ್ಕೊಟ್ರಿ, ನೀವು ಕೊಪ್ಪರಿಗೇನೇ ಕೆರ್ಕಂಡು ತಿಂದ್ರಲ್ಲ! ಮಂಡ್ಯದ ಸೀಮೆ ಸೀಮೇನೇ ಆಸ್ಪತ್ರೇಲಿ ಮನಗಿರ್ಬೇಕಾಗಿತ್ತು!’

ಅತ್ತೆಯ ದನಿ ಇಳಿಯಿತು. ‘ನಾನು ಬ್ಯಾಡಾದೆ ಅನ್ಕಂಡಿದ್ದೆ. ಬುಟ್ಬುಟ್ರು ಅನ್ಕಂಡಿದ್ದೆ.’

‘ಬುಡ್ತೀನಾ ನಿನ್ನ?’ ಎಂದ ಮಾವ. ಟವೆಲು ಮುಖಕ್ಕೆ ಒತ್ತಿಕೊಂಡು ಗೊಳೋ ಎಂದು ಅತ್ತ. ನಾನು ಗಾಣದ ಕಡೆ ತಿರುಗಿ, ಯಾವತ್ತೂ ನೋಡಿರದವಳಂತೆ ಅದನ್ನು ನೋಡುತ್ತ ನಿಂತೆ.

ಆ ಸಲದ ಡ್ರಿಪ್ಪಿಗೆ ಮಾವನೇ ಕರೆದೊಯ್ದ. ಒಂದು ಚೂರು ಬೆಲ್ಲ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿದಾಗ ಆಕೆ ನಕ್ಕು, ಬಾಯಿಗೆ ರುಚಿ ಹತ್ತಿದರೆ ಸಾಕು, ತಿನ್ನಲಿ ಎಂದರು. ಆಲೆಮನೆಯ ಒಲೆ ಹತ್ತಿತು. ಆಪರೇಷನ್ ಆಯಿತು, ಮತ್ತೆ ಔಷಧವಾಯಿತು. ರಕ್ತದಲ್ಲಿ ಆ ಎಳೆಗಳು ಇಳಿದಿವೆ ಎಂದು ವರದಿ ಬಂದಾಗೆಲ್ಲ ಅತ್ತೆ, ‘ಕಳ್ಳನ್ ಕಂಬಳಿ ನೂಲು ಕಮ್ಮಿ ಆಯ್ತಾ?’ ಎಂದು ಕೇಳಿ ನಗುತ್ತಿದ್ದಳು. ಕೂದಲು ಬೆಳ್ಳಿಯ ಹಾಗೆ ಮತ್ತೆ ಬೆಳೆಯಿತು. ಕೆಲವು ವರ್ಷ ಚೆನ್ನಾಗಿದ್ದಳು. ಮೊಮ್ಮಗಳ ನಾಮಕರಣಕ್ಕೆ ತಾನೇ ಒಬ್ಬಟ್ಟು ತಟ್ಟಿದಳು. ಆಮೇಲೆ ಅದು ಮರಳಿ ಬಂತು. ಈ ಸಲ ಯಾವ ಔಷಧಕ್ಕೂ ಬಗ್ಗಲಿಲ್ಲ. ಹೋದ ಮಳೆಗಾಲದಲ್ಲಿ ಅತ್ತೆ ಹೋದಳು.

ಆವತ್ತಿನಿಂದ ಮಾವ ನಾನು ಹೋದಾಗೆಲ್ಲ ಮೆಲ್ಲಗೆ ಒಂದೇ ಮಾತು ಕೇಳುತ್ತಿದ್ದ: ‘ನಿಜ ಏಳು ಮಗ, ನನ್ನಿಂದ ಅಲ್ವಲ್ಲ?’ ಅಲ್ಲ ಮಾವ ಎಂದು ಹೇಳಿ, ಅದರ ಹಿಂದೆ ಪಾಠವನ್ನೂ ಹೇಳುತ್ತಿದ್ದೆ. ಅವನು ತಲೆ ಆಡಿಸುತ್ತಿದ್ದ. ಮುಂದಿನ ಸಲ ಹೋದರೆ ಮತ್ತೆ ಅದೇ ಪ್ರಶ್ನೆ.

ಅಂತೂ ಮೊನ್ನೆ ರೈಲು ಹೊರಟಿತು. ನಾನು ಯಲಿಯೂರು ಸೇರಿದಾಗ ಮಾವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ. ನಾನೂ ಪಕ್ಕದಲ್ಲಿ ಕೂತು ಕೈ ಹಾಕಿದೆ. ಆ ಪ್ರಶ್ನೆ ಬರುತ್ತದೆ ಎಂದು ಕಾಯುತ್ತಿದ್ದೆ.

‘ಆ ಲೋಳೆ ಅಂತೀಯಲ್ಲ,’ ಎಂದ ಮಾವ, ‘ಅವ್ಳು ಚೆಂದಾಗಿದ್ದಾಗ ಅದೇನ್ ಮಾಡ್ತಿತ್ತು?’

‘ಕಾಯ್ತಿತ್ತು ಮಾವ. ಒಣಗದಂಗೆ, ಕೆಟ್ಟದ್ದೇನೂ ಒಳಗೆ ಬರದಂಗೆ.’

‘ಯಾವಾಗ್ಲಿಂದ?’

‘ಹುಟ್ಟಿದಾಗಿನಿಂದ.’

ಮಾವ ಸಿಪ್ಪೆಯನ್ನು ಒಂದು ಕಡೆಗೆ ತಳ್ಳಿದ. ‘ಅಂಗಾದ್ರೆ ಮಕ್ಳಿಗೆ ಪಾಟ ಮಾಡ್ವಾಗ ಅದ್ನ ಕಳ್ಳನ್ ಕಂಬಳಿ ಅಂತ ಬೈಬ್ಯಾಡ ಕಣವ್ವ. ಅಷ್ಟು ವರ್ಸ ಅವ್ಳ ಕಾದಿತ್ತಲ್ಲ. ಕೊನೇಗೆ ಅದ್ರ ಕೈಲಿ ಆಗ್ನಿಲ್ಲ, ಅಷ್ಟೆ.’

ನಾನು ಪಾಠ ಹೇಳಲಿಲ್ಲ. ‘ಹೂಂ ಮಾವ’ ಎಂದೆ. ಆವತ್ತು ಕತ್ತಲಾಗುವವರೆಗೂ ಜೊತೆಯಲ್ಲೇ ಕೂತಿದ್ದೆವು. ‘ನನ್ನಿಂದ ಅಲ್ವಲ್ಲ?’ ಎಂಬ ಆ ಪ್ರಶ್ನೆಯನ್ನು ಮಾವ ಕೇಳಲೇ ಇಲ್ಲ.